ಮೆತ್ತನೆ ಪ್ರೈಮರ್

ಕಾಫಿ ಲೋಟ ಹಿಡಿದು ಶೆಡ್ಡಿನೊಳಗೆ ಬಂದ ಡ್ವೇನ್ ಪ್ರೂಯಿಟ್, ತಾನು ಕಡ ಕೊಟ್ಟಿದ್ದ, ಈಗ ಮೇಜಿನ ಮೇಲೆ ಖಾಲಿ ಬಿದ್ದಿದ್ದ ಪ್ರೈಮರ್ ಪೆಟ್ಟಿಗೆಯನ್ನು ಬೆರಳಲ್ಲಿ ತಳ್ಳಿ, "ಅಂತೂ ಖರ್ಚು ಮಾಡಿದೆ ಅನ್ನು. ಯಾವ ಬಂದೂಕಿಗೆ ತುಂಬಿದೆ?" ಎಂದ.

"ತಾತನದಕ್ಕೆ," ಎಂದ ವರ್ಲಿನ್. ಏಣಿಯಿಂದ ಬಿದ್ದು ಮುರಿದ ಕಾಲು, ಪ್ಲಾಸ್ಟರಿನ ಸಮೇತ ಸ್ಟೂಲಿನ ಮೇಲಿತ್ತು. "ನಲವತ್ತು ತೋಟಾ. ರೋಂಡಾ ನಿನ್ನೆ ತಗೊಂಡು ಬೇಟೆಗೆ ಬೆಟ್ಟ ಹತ್ತಿದಳು."

ಡ್ವೇನ್ ಲೋಟ ಕೆಳಗಿಟ್ಟ.

"ಪೆಟ್ಟಿಗೆ ಗಟ್ಟಿ ಪ್ರೈಮರಿನದು, ಆದರೆ ಅದರಲ್ಲಿ ಇದ್ದದ್ದು ಮಾಮೂಲಿ ಮೆತ್ತನೆಯದು ಕಣೋ. ನನ್ನ ಡಬ್ಬಿ ಒದ್ದೆಯಾಗಿತ್ತು, ಅದಕ್ಕೇ ಇದಕ್ಕೆ ಸುರಿದಿದ್ದೆ. ಹೇಳಿದ್ನಲ್ಲ."

"ಹೇಳಲಿಲ್ಲ."

"ಹೇಳಿದೀನಿ ಅನ್ಕೊಂಡಿದ್ದೆ."

ಪ್ರೈಮರ್ ಅಂದರೆ ತೋಟಾದ ತಳದಲ್ಲಿ ಕೂರುವ, ಬೇಳೆಕಾಳಿನಷ್ಟು ಚಿಕ್ಕ ಲೋಹದ ಬಟ್ಟಲು. ಬಂದೂಕಿನ ಮೊಳೆ ಅದಕ್ಕೆ ಬಡಿದರೆ ಕಿಡಿ, ಕಿಡಿಯಿಂದ ಮದ್ದು ಹೊತ್ತಿಕೊಳ್ಳುತ್ತದೆ. ತಾತ ಸೈನ್ಯದ ಕಾಲದಲ್ಲಿ ಕೊಂಡಿದ್ದ ಬಂದೂಕಿನಲ್ಲಿ ಆ ಮೊಳೆಯನ್ನು ಹಿಡಿದಿಡುವ ಸ್ಪ್ರಿಂಗ್ ಇಲ್ಲ. ತೋಟಾದ ಹಿಂದಿನ ಉಕ್ಕಿನ ತುಂಡು, ಬೋಲ್ಟ್, ಮುಂದಕ್ಕೆ ಹಾರಿ ಬಾಗಿಲು ಹಾಕಿದಂತೆ ಮುಚ್ಚಿಕೊಳ್ಳುವಾಗ ಮೊಳೆಯೂ ಜೊತೆಗೆ ಹೋಗಿ ಒಮ್ಮೆ ತಟ್ಟುತ್ತದೆ. ಗಟ್ಟಿ ಪ್ರೈಮರ್ ಆದರೆ ತಡೆಯುತ್ತದೆ. ಮೆತ್ತಗಿನದು ತಡೆದರೆ ತಡೆಯಿತು. ಇಲ್ಲವಾದರೆ ಬೆರಳು ಬಂದೂಕಿನ ಕುದುರೆ ಒತ್ತುವ ಮೊದಲೇ, ಬೋಲ್ಟ್ ಪೂರ್ತಿ ಕಚ್ಚಿಕೊಳ್ಳುವ ಮೊದಲೇ ಗುಂಡು ಹಾರಿ, ಬಂದೂಕಿನ ಹಿಂಭಾಗವೇ ಮುಖಕ್ಕೆ ಸಿಡಿಯುತ್ತದೆ.

ನೋಡಲು ಎರಡೂ ಬೆಳ್ಳಿ ಬಣ್ಣ, ಒಂದೇ ಅಳತೆ. ಬೇರೆ ಎಂದು ಹೇಳುವುದು ಪೆಟ್ಟಿಗೆ ಒಂದೇ. ಆದ್ದರಿಂದ ಪ್ರೈಮರನ್ನು ಅದರ ಪೆಟ್ಟಿಗೆಯಿಂದ ಬೇರೊಂದಕ್ಕೆ ಸುರಿಯಬಾರದು ಎಂಬುದು ತೋಟಾ ತುಂಬುವವರ ಮೊದಲ ಪಾಠ. ಎರಡು ವರ್ಷದಿಂದ ಮೊಂಟಾನಾದ ಯಾವ ಅಂಗಡಿಯಲ್ಲೂ ಪ್ರೈಮರ್ ಸರಿಯಾಗಿ ಸಿಗದೆ, ಜನ ಸಕ್ಕರೆ ಕಡ ತಂದ ಹಾಗೆ ಅಕ್ಕಪಕ್ಕದಿಂದ ತರುತ್ತಿದ್ದರು. ಪಾಠ ಸಡಿಲವಾಗಿತ್ತು.

"ಸಾವಿರಕ್ಕೊಂದು ಹಾಗಾಗೋದು," ಎಂದ ಡ್ವೇನ್. "ಕ್ಲಿಪ್‌ನಿಂದ ಹಾಕಿದರೆ ಬೋಲ್ಟ್ ತೋಟಾನ ಎಳ್ಕೊಂಡು ಹೋಗಬೇಕು, ವೇಗ ತಗ್ಗುತ್ತೆ. ಏನೂ ಆಗಲ್ಲ ಬಿಡು."

"ಅವಳು ಕ್ಲಿಪ್ ಹಾಕಲ್ಲ."

"ಯಾಕೆ?"

"ಒಂದೊಂದೇ ಹಾಕು ಅಂತ ನಾನೇ ಹೇಳಿದ್ದು. ಅದು ಅವಳಿಗೆ ಹೊಸ ಬಂದೂಕು. ಎಂಟು ತೋಟಾ ಒಟ್ಟಿಗೆ ಇದ್ದರೆ ಗಾಬರಿಯಲ್ಲಿ ಹಾರಿಸ್ತಾಳೆ, ಒಂದಿದ್ದರೆ ನೋಡಿ ಹೊಡೀತಾಳೆ ಅಂತ. ಕೈಯಲ್ಲಿ ಒಳಗಿಡು, ಬೋಲ್ಟ್ ಬಿಟ್ಟುಬಿಡು ಅಂದೆ."

ಹಾಗೆ ಬಿಟ್ಟಾಗಲೇ ಬೋಲ್ಟ್ ಅಡ್ಡಿಯಿಲ್ಲದೆ ಪೂರ್ತಿ ಬಲದಿಂದ ಬಡಿಯುವುದು. ಇಬ್ಬರಿಗೂ ಗೊತ್ತಿತ್ತು. ಡ್ವೇನ್ ಟ್ರಕ್ಕಿನ ಕೀಲಿ ಹುಡುಕತೊಡಗಿದ.

ಬೆಟ್ಟದ ಮೇಲೆ ಫೋನ್ ಹೋಗುವುದಿಲ್ಲ. ಆದರೂ ವರ್ಲಿನ್ ದಾರಿಯುದ್ದಕ್ಕೂ ತಂಗಿ ರೋಂಡಾಗೆ ಫೋನ್ ಮಾಡಿದ. ಷರೀಫ್ ಕಚೇರಿಗೂ ಮಾಡಿದ; ಅಲ್ಲಿಯ ಹೆಂಗಸು, "ಯಾರಿಗಾದರೂ ಏಟಾಗಿದೆಯಾ?" ಎಂದು ಕೇಳಿದಳು.

"ಇನ್ನೂ ಇಲ್ಲ."

"ಆಗದೇ ಇರೋದಕ್ಕೆ ಹೆಲಿಕಾಪ್ಟರ್ ಕಳಿಸೋಕಾಗಲ್ಲ ಸರ್. ಬರೆದಿಟ್ಕೊಂಡಿದೀನಿ." ದನಿಯಲ್ಲಿ ಬೇಸರವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಊರಿನಲ್ಲಿ ನಡೆದು ಹೋಗಬಲ್ಲವರೆಲ್ಲ ಆ ವಾರ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಒಂದೊಂದು ಕಣಿವೆಯಲ್ಲಿದ್ದರು.

ಕಾಲುದಾರಿ ಶುರುವಾಗುವಲ್ಲಿ ರೋಂಡಾಳ ಪಿಕಪ್ ನಿಂತಿತ್ತು. ಅಲ್ಲಿಂದ ಅವಳ ಡೇರೆಗೆ ಒಂಬತ್ತು ಮೈಲಿ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡಿದ್ದ ಡ್ವೇನ್ ಮೊದಲ ತಿರುವಿನವರೆಗೆ ಹೋಗಿ, ಎದೆ ಒತ್ತಿಕೊಂಡು ವಾಪಸು ಬಂದು ಬಂಪರಿನ ಮೇಲೆ ಕೂತ.

ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಗಡ್ಡದವನು ಮೂರು ಹೇಸರಗತ್ತೆಗಳನ್ನು ಇಳಿಸಿಕೊಂಡು ಬಂದ. ಮೂರರ ಮೇಲೂ ಮಾಂಸದ ಚೀಲಗಳು.

"ಕೆಂಪು ಟೋಪಿ ಹೆಂಗಸಾ? ಸಿಕ್ಕಿದ್ದರು," ಎಂದ. "ನಿನ್ನೆ ಸಂಜೆ ಒಂದು ಮರದ ಬೊಡ್ಡೆಗೆ ಗುರಿ ಹಿಡೀತಿದ್ದರು. ನಾಲ್ಕು ಹೊಡೆದರು. ಚೆನ್ನಾಗೇ ಹೊಡೀತಾರೆ. ಒಂದೊಂದೇ ತೋಟಾ ಹಾಕ್ತಿದ್ರು, ಯಾಕಮ್ಮ ಅಂದ್ರೆ ನಮ್ಮಣ್ಣನ ಕಾನೂನು ಅಂದ್ರು."

"ನೋಡಿದೆಯಾ, ನಾಲ್ಕು ಸರಿ ಹೋಗಿವೆ," ಎಂದ ಡ್ವೇನ್.

ಇನ್ನು ಮೂವತ್ತಾರು ಉಳಿದಿದ್ದವು. ನಾಲ್ಕು ಸರಿ ಹೋದದ್ದರಿಂದ ಐದನೆಯದು ಬುದ್ಧಿ ಕಲಿಯುವುದಿಲ್ಲ. ವರ್ಲಿನ್ ವಿಷಯ ಹೇಳಿ, ವಾಪಸು ಹತ್ತುವಂತೆ ಕೇಳಿಕೊಂಡ. ಗಡ್ಡದವನು ಪೂರ್ತಿ ಕೇಳಿಸಿಕೊಂಡ, ಹೇಸರಗತ್ತೆಯ ಮುಂಗಾಲು ಎತ್ತಿ ತೋರಿಸಿದ. ಲಾಳ ಕಿತ್ತುಹೋಗಿ ಗೊರಸು ಒಡೆದಿತ್ತು.

"ಇವು ಇನ್ನು ಹತ್ತಲ್ಲ. ನಾನೂ ಬೆಳಗಿನ ಜಾವ ನಾಲ್ಕರಿಂದ ನಡೀತಾನೇ ಇದೀನಿ. ಕತ್ತಲಾದ ಮೇಲೆ ಆ ಬಂಡೆ ದಾರೀಲಿ ನನಗಾಗಲ್ಲ ಅಣ್ಣಾ. ನಾಳೆ ಬೆಳಿಗ್ಗೆ ಬೇಕಾದರೆ ಹೋಗ್ತೀನಿ."

"ಅವಳು ಹೊಡೆಯೋದು ಇವತ್ತು ಸಂಜೆ, ನಾಳೆ ಬೆಳಿಗ್ಗೆ."

"ಗೊತ್ತು," ಎಂದ ಅವನು.

ವರ್ಲಿನ್ ಊರುಗೋಲು ತೆಗೆದುಕೊಂಡ. "ಕೂತ್ಕೊಳ್ಳೋ, ಹುಚ್ಚ," ಎಂದು ಡ್ವೇನ್ ಕೂಗಿದ. ಕೂರಲಿಲ್ಲ. ಕಂಕುಳು ಉರಿಯಿತು, ಪ್ಲಾಸ್ಟರಿನ ತುದಿ ಕೆಸರಲ್ಲಿ ಹೂತಿತು. ಅರ್ಧ ಮೈಲಿಗೆ ಒಂದು ಗಂಟೆ ಹಿಡಿಯಿತು. ಅಲ್ಲಿ ಹಳ್ಳಕ್ಕೆ ಅಡ್ಡ ಎರಡು ದಿಮ್ಮಿ ಹಾಕಿದ್ದರು. ತೊಗಟೆ ಸುಲಿದ, ಮಂಜು ಕೂತ ದಿಮ್ಮಿ. ಊರುಗೋಲಿನ ತುದಿ ಇಟ್ಟ. ಜಾರಿತು. ಇನ್ನೊಮ್ಮೆ ಇಟ್ಟ. ಮತ್ತೆ ಜಾರಿತು. ಕುಂಡಿಯೂರಿ ತೆವಳಲು ನೋಡಿದ. ಒಂದು ಊರುಗೋಲು ಕೈತಪ್ಪಿ ನೀರಿಗೆ ಬಿದ್ದು, ಬಂಡೆಗೆ ತಾಗುತ್ತಾ ಕೆಳಗೆ ಹೋಯಿತು.

ಅವನು ದಡದಲ್ಲಿ ಕೂತ. ಮೇಲಿನ ಪೈನ್ ಮರಗಳ ತುದಿಯಲ್ಲಿ ಬಿಸಿಲು ಹಳದಿಯಾಗುತ್ತಿತ್ತು. ಎಲ್ಕ್‌ಗಳು ಮೇಯಲು ಹೊರಬರುವ ಹೊತ್ತು. ಹಳ್ಳ ಎಷ್ಟು ಜೋರಾಗಿ ಹರಿಯುತ್ತಿತ್ತೆಂದರೆ, ಮೇಲೆ ಬಂದೂಕು ಹಾರಿದರೂ ಅವನಿಗೆ ಕೇಳಿಸುವಂತಿರಲಿಲ್ಲ.