ಟಾಲ್ಬರ್ಟ್ ಶಾಲೆಯ ಕೆಳಮಹಡಿ

ಟಾಲ್ಬರ್ಟ್ ಶಾಲೆ ಮುಚ್ಚುತ್ತೇವೆ ಎಂದು ನಗರಾಡಳಿತದವರು ಹೇಳಿದ ವರ್ಷ ಆರ್ಡೀಲಿಯಾ ಹಾಬ್ಸ್ ಅದರ ಮೆಟ್ಟಿಲ ಮೇಲೆ ಊಟ ಬಿಟ್ಟು ಕೂತಿದ್ದರು. ಅವರು ಅಲ್ಲಿ ಎರಡನೇ ಕ್ಲಾಸಿನ ಟೀಚರು. ನಮ್ಮ ಬೀದಿಯ ಅರ್ಧಕ್ಕರ್ಧ ಜನ ಓದು ಕಲಿತದ್ದು ಅವರ ಹತ್ತಿರವೇ. ಮೂಲೆಯಲ್ಲಿ, ಜನ ತಾವೇ ಬಂದು ಮೆಷಿನ್ನಿಗೆ ಬಟ್ಟೆ ಹಾಕಿಕೊಳ್ಳುವ ಲಾಂಡ್ರಿ ನಡೆಸುವ ನಾನೂ ಅವರಲ್ಲೊಬ್ಬಳು. ಮೊದಮೊದಲು ಅವರ ಜೊತೆ ತುಂಬ ಜನ ಕೂತರು. ಕೊನೆಯವರೆಗೆ ಉಳಿದವನು ಲೂಷಸ್ ಮೇಬ್ರಿ ಒಬ್ಬನೇ. ಸಿಟಿ ಬಸ್ಸಿನ ಡ್ರೈವರಾಗಿದ್ದ ಅವನೂ ಅವರ ಹಳೆಯ ವಿದ್ಯಾರ್ಥಿ, ಮನೆ ಶಾಲೆಯ ಎದುರಿಗೇ. ಅವನ ಮಗಳು ಆಗ ಅಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಳು.

ಮಕ್ಕಳು ಕಡಿಮೆಯಾಗಿದ್ದಾರೆ ಎಂಬ ಕಾರಣ ಕೊಟ್ಟು ಶಾಲೆ ಮುಚ್ಚಿಯೇಬಿಟ್ಟರು. ಆ ಹುಡುಗಿ ರೈಲು ಹಳಿ ದಾಟಿ, ಪುಂಡರ ಎರಡು ಗುಂಪುಗಳು ಗುಂಡು ಹಾರಿಸಿಕೊಳ್ಳುವ ಬೀದಿ ದಾಟಿ, ಇನ್ನೊಂದು ಶಾಲೆಗೆ ಹೋಗಬೇಕಾಯಿತು. ಲೂಷಸ್ ತನ್ನ ಪಾಳಿ ಬದಲಿಸಿಕೊಂಡು ಅವಳನ್ನು ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬೀಸುವ ದಿನಗಳಲ್ಲಿ ಇಬ್ಬರ ಮುಖವೂ ಕಾಣದಷ್ಟು ಮಫ್ಲರ್ ಸುತ್ತಿಕೊಂಡಿರುತ್ತಿದ್ದರು.

ಕಟ್ಟಡ ಹತ್ತು ವರ್ಷ ಖಾಲಿ ಬಿದ್ದಿತ್ತು. ತಾಮ್ರದ ತಂತಿ ಕಳ್ಳತನವಾಯಿತು, ಕಿಟಕಿಗಳಿಗೆ ಹಲಗೆ ಬಡಿದರು. ಆರ್ಡೀಲಿಯಾ ನಿವೃತ್ತರಾದರೂ ಕಟ್ಟಡವನ್ನು ಬಿಡಲಿಲ್ಲ. ಕೆಳಮಹಡಿಯನ್ನಾದರೂ ಬೀದಿಯವರಿಗೆ ಕೊಡಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತೇವೆ, ವಯಸ್ಸಾದವರಿಗೆ ಮಧ್ಯಾಹ್ನ ಬಿಸಿ ಊಟ ಹಾಕುತ್ತೇವೆ ಎಂದು ಕೇಳುತ್ತಲೇ ಇದ್ದರು. ಖಾಲಿ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಪ್ರೆಂಟಿಸ್ ಎಂಬ ಅಧಿಕಾರಿಯಿದ್ದ. ಅವನ ಉತ್ತರ ಯಾವಾಗಲೂ ಒಂದೇ. "ಪೈಪೆಲ್ಲ ಒಡೆದು ಹೋಗಿದೆ, ಬಾಯ್ಲರ್ ಕೆಟ್ಟು ಕೂತಿದೆ. ಅದು ಇನ್ನು ಆಗೋ ಕೆಲ್ಸ ಅಲ್ಲ, ಮೇಡಂ."

ಒಂದು ಚಳಿಗಾಲ ಲಾರಿಗಳು ಬಂದವು. ಹಲಗೆ ಕಿತ್ತರು, ಹೊಸ ಪೈಪು ಇಳಿಸಿದರು, ಹೊಸ ಬಾಯ್ಲರ್ ಬಂತು. ತಿಂಗಳೊಳಗೆ ಮೂರೂ ಮಹಡಿಯಲ್ಲಿ ದೀಪ ಉರಿಯಿತು. ವೆನೆಜುವೆಲಾದಿಂದ ಗಡಿ ದಾಟಿ ಬಂದು, ಇರಲು ಜಾಗವಿಲ್ಲದೆ ಪೊಲೀಸ್ ಠಾಣೆಗಳ ನೆಲದ ಮೇಲೆ ಮಲಗುತ್ತಿದ್ದವರನ್ನು ಇಲ್ಲಿ ಇರಿಸುತ್ತಾರಂತೆ ಎಂದು ಸುದ್ದಿಯಾಯಿತು.

ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದರು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಪ್ರೆಂಟಿಸ್ ಮೈಕು ಹಿಡಿದು ಮಾನವೀಯತೆಯ ಮಾತು ತೆಗೆದ.

ಲೂಷಸ್ ಎದ್ದ. "ಹೌದಾ? ಹತ್ತು ವರ್ಷ ಎಲ್ಲಿಗೆ ಹೋಗಿತ್ತು ಸ್ವಾಮಿ ಆ ಮಾನವೀಯತೆ? ನಮ್ ಬಸ್ ಹತ್ಲಿಲ್ವಾ? ನಾನು ಸ್ಟಾಪಲ್ಲಿ ನಿಲ್ಲಿಸ್ತಿದ್ನಲ್ಲ!"

ಜನ ನಕ್ಕರು, ಕಾಲು ಬಡಿದರು. ಆರ್ಡೀಲಿಯಾ ಕೂತಲ್ಲಿಂದಲೇ ಕೇಳಿದರು. "ಪ್ರೆಂಟಿಸ್ ಅವರೇ, ಒಂದೇ ಮಾತು. ಆಗೋದೇ ಇಲ್ಲ ಅಂದಿದ್ರಲ್ಲ, ಈಗ ಹೇಗಾಯ್ತು?"

"ಇದು ತುರ್ತು ಪರಿಸ್ಥಿತಿ, ಮೇಡಂ."

"ನಮ್ದು ಏನಾಗಿತ್ತು ಹಾಗಾದ್ರೆ?"

ಅವನು ನೀರು ಕುಡಿದ.

ಅವರನ್ನು ಕರೆತರುವ ಮೊದಲ ಬಸ್ಸು ಬರುವ ದಿನ ಬೆಳಿಗ್ಗೆ ನಾವು ಐವತ್ತು ಅರವತ್ತು ಜನ ಗೇಟಿಗೆ ಅಡ್ಡ ನಿಂತೆವು. ಆರ್ಡೀಲಿಯಾ ನಡುವೆ, ಪಕ್ಕದಲ್ಲಿ ಲೂಷಸ್. ಬಸ್ಸು ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬ ಹೆಂಗಸು ಇಳಿದಳು. ಕಂಕುಳಲ್ಲಿ ಮಗು, ಕಾಲಲ್ಲಿ ಸಾಕ್ಸಿನ ಮೇಲೆ ರಬ್ಬರ್ ಚಪ್ಪಲಿ. ಹಿಮದಲ್ಲಿ ಕಾಲು ಹೂತುಕೊಂಡಿತು. ಅವಳು ನಮ್ಮನ್ನೆಲ್ಲ ನೋಡಿದಳು. ಸ್ವಾಗತಕ್ಕೆ ಬಂದಿದ್ದೇವೆ ಅಂದುಕೊಂಡಳೋ ಏನೋ, ತಲೆಬಾಗಿ ನಮಸ್ಕಾರದ ಹಾಗೆ ಏನೋ ಹೇಳಿದಳು.

ಆರ್ಡೀಲಿಯಾ ಅವಳ ಕಾಲನ್ನೇ ನೋಡುತ್ತಿದ್ದರು. ಆಮೇಲೆ "ಲೂಷಸ್, ಪಕ್ಕಕ್ಕೆ ಸರಿ" ಅಂದರು.

"ಯಾಕೆ ಸರೀಬೇಕು?"

"ಚಳಿ ಕಣೋ. ಮಗು ಇದೆ."

"ನನ್ ಮಗಳು ನಡೀವಾಗ ಚಳಿ ಇರ್ಲಿಲ್ವಾ, ಮಿಸ್ ಆರ್ಡೀಲಿಯಾ?"

ಆರ್ಡೀಲಿಯಾ ಒಬ್ಬರೇ ಪಕ್ಕಕ್ಕೆ ಸರಿದು ನಿಂತರು. ನಾವೂ ಒಬ್ಬೊಬ್ಬರಾಗಿ ಸರಿದೆವು. ಕೊನೆಗೆ ಗೇಟಿನೆದುರು ಲೂಷಸ್ ಒಬ್ಬನೇ ಉಳಿದ. ಪೊಲೀಸಿನವನು ಮೊಣಕೈಗೆ ಕೈಹಾಕಿ ಅವನನ್ನು ಆಚೆ ನಿಲ್ಲಿಸಿದ. ಅಂದಿನಿಂದ ಅವನು ಆರ್ಡೀಲಿಯಾ ಅವರ ಜೊತೆ ಮಾತು ಬಿಟ್ಟ.

ಆರ್ಡೀಲಿಯಾ ಮುಂದಿನ ವಾರವೇ ಕಟ್ಟಡದ ಒಳಗೆ ಹೋದರು. ಕರುಣೆಯಿಂದೇನಲ್ಲ. "ನಮ್ ಕಟ್ಟಡಾನ ಏನ್ ಮಾಡಿದ್ದಾರೆ ಅಂತ ನೋಡ್ಬೇಕಲ್ಲ" ಎಂದು ನನಗೆ ಹೇಳಿಯೇ ಹೋದದ್ದು. ಅವರ ಹಳೆಯ ಕ್ಲಾಸಿನಲ್ಲಿ ಮಡಚುವ ಮಂಚಗಳ ಸಾಲು. ಆವತ್ತು ಮೊದಲು ಇಳಿದ ಹೆಂಗಸು ಅಲ್ಲೇ ಇದ್ದಳು. ಹೆಸರು ಯುಲಿಮಾರ್, ಮರಕೈಬೊ ಊರಿನವಳು, ಅಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಅವಳು ಫೋನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿ ಇವರ ಮುಂದೆ ಹಿಡಿದಳು. ಫೋನು ಗಂಡಸಿನ ದನಿಯಲ್ಲಿ ಅದನ್ನು ನಮ್ಮ ಮಾತಿಗೆ ತಿರುಗಿಸಿತು: "ಇಲ್ಲಿ ಕೊಡುವ ಊಟ ಸತ್ತು ಮೂರು ದಿನವಾಗಿದೆ. ದಯವಿಟ್ಟು ಮಣ್ಣು ಮಾಡಿ."

ಆರ್ಡೀಲಿಯಾ ಗೋಡೆ ಹಿಡಿದು ನಕ್ಕರಂತೆ. ಆ ಕಟ್ಟಡದಲ್ಲಿ ನಕ್ಕು ಹತ್ತು ವರ್ಷವಾಗಿತ್ತು ಅಂದರು.

ಒಳಗೆ ಒಲೆ ಹಚ್ಚುವ ಹಾಗಿರಲಿಲ್ಲ. ಹಾಗಾಗಿ ಭಾನುವಾರ ಚರ್ಚು ಮುಗಿದ ಮೇಲೆ ಯುಲಿಮಾರ್ ಇವರ ಮನೆಗೆ ಬರತೊಡಗಿದಳು. ಒಂದು ಒಲೆಯ ಮೇಲೆ ಆರ್ಡೀಲಿಯಾ ಹಂದಿಮಾಂಸ ಹಾಕಿ ಸೊಪ್ಪು ಬೇಯಿಸಿದರೆ, ಇನ್ನೊಂದರ ಮೇಲೆ ಅವಳು ಜೋಳದ ಹಿಟ್ಟಿನ ದಪ್ಪ ರೊಟ್ಟಿ ಸುಡುತ್ತಿದ್ದಳು. ಬೀದಿಗೆಲ್ಲ ವಾಸನೆ. ನನ್ನ ಲಾಂಡ್ರಿಯಲ್ಲಿ ಮಾತೂ ಹಬ್ಬಿತು.

"ಟೀಚರು ಪಾರ್ಟಿ ಬದಲಾಯಿಸಿದ್ರು ಕಣ್ರೀ" ಎಂದು ಒಬ್ಬಳು ತೆಗೆದಳು. "ರೊಟ್ಟಿಗೆ ಬಿದ್ದೋದ್ರು."

ಲೂಷಸ್ ಅಲ್ಲೇ ತನ್ನ ಯೂನಿಫಾರ್ಮ್ ಮಡಿಸುತ್ತಿದ್ದ. "ಅವರ ಬಗ್ಗೆ ಹಾಗೆಲ್ಲ ಮಾತಾಡ್ಬೇಡಮ್ಮ" ಅಂದ. ಅರ್ಧ ಮಡಿಸಿದ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟುಹೋದ.

ಮುಂದಿನ ಶರತ್ಕಾಲಕ್ಕೆ ಆ ತುರ್ತು ಮುಗಿಯಿತು. ಜನರನ್ನು ಒಬ್ಬೊಬ್ಬರಾಗಿ ಬೇರೆಬೇರೆ ಊರುಗಳಿಗೆ ಕಳಿಸಿದರು. ಯುಲಿಮಾರ್ ಮಾತ್ರ ಎರಡು ಬೀದಿಯಾಚೆ ಒಂದು ನೆಲಮಾಳಿಗೆಯ ಕೋಣೆ ಹಿಡಿದು ಉಳಿದಳು. ಬಾಯ್ಲರ್ ಹೊಸದು, ಪೈಪು ಹೊಸದು. ಆದರೂ ಕಟ್ಟಡಕ್ಕೆ ಮತ್ತೆ ಬೀಗ ಹಾಕುವುದೆಂದು ಪ್ರೆಂಟಿಸ್‌ನ ಕಚೇರಿ ತೀರ್ಮಾನಿಸಿತ್ತು. ಕಿಟಕಿಗೆ ಬಡಿಯಲು ಈ ಸಲ ಕಬ್ಬಿಣದ ಹಾಳೆ.

ಆ ಹಾಳೆಗಳ ಲಾರಿ ಬರುವ ಬೆಳಿಗ್ಗೆ ಆರ್ಡೀಲಿಯಾ ಒಳಗೆ ಹೋಗಿ ಆಟದ ಹಾಲ್‌ನ ನಡುವೆ ಕುರ್ಚಿ ಹಾಕಿಕೊಂಡು ಕೂತರು. ಯುಲಿಮಾರ್ ಕಾಫಿ ತಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ನಾನು ಅಂಗಡಿ ಮುಚ್ಚಿ ಹೋಗಿದ್ದೆ. ಪ್ರೆಂಟಿಸ್ ಒಳಗೆ ಬಂದು ಮೆತ್ತಗೆ, "ಮೇಡಂ, ನೀವು ಎದ್ದು ಬರ್ದಿದ್ರೆ ಪೊಲೀಸ್ ಕರೀಬೇಕಾಗತ್ತೆ" ಅಂದ.

"ಕರೀರಿ. ನಮ್ ಠಾಣೆ ಹುಡುಗರಲ್ಲಿ ಇಬ್ರು ನನ್ ಕ್ಲಾಸಿನವ್ರು. ಅವರಿಗೂ ಕಾಫಿ ಇದೆ."

ಹೊರಗೆ ಹಾರ್ನು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಲಾರಿಯ ಮುಂದೆ, ಗೇಟಿಗೆ ಸರಿಯಾಗಿ ಅಡ್ಡವಾಗಿ, ಲೂಷಸ್‌ನ ಹಳೆಯ ಬ್ಯೂಯಿಕ್ ಕಾರು ನಿಂತಿತ್ತು. ಅವನು ಇಳಿದು ಬಾಗಿಲು ಹಾಕಿ, ಕೀಲಿಯನ್ನು ಜೇಬಿಗೆ ಸೇರಿಸಿದ. ಲಾರಿಯವನು ಕೂಗಾಡಿದ. ಲೂಷಸ್ ಅವನ ಕಡೆ ನೋಡದೆ ನೇರ ಒಳಗೆ ಬಂದು ಆರ್ಡೀಲಿಯಾ ಅವರ ಮುಂದೆ ನಿಂತ.

"ನಂಗೆ ನಿಮ್ ಮೇಲೆ ಇನ್ನೂ ಕೋಪ ಇದೆ."

"ಇಟ್ಕೋ" ಅಂದರು ಅವರು. "ಕಾರೂ ಅಲ್ಲೇ ಇಡು."

ಆಮೇಲೆ, "ಆವತ್ತು ನೀನು ಕೇಳಿದ್ದು ಸರಿಯಾಗೇ ಇತ್ತು ಕಣೋ. ನಾನು ಸರಿದಿದ್ದೂ ಸರೀನೇ. ಎರಡನ್ನೂ ಹೇಗೆ ಕೂಡ್ಸೋದು ಅಂತ ನಂಗೆ ಗೊತ್ತಾಗಿಲ್ಲ" ಅಂದರು.

ಯುಲಿಮಾರ್ ಲೂಷಸ್ ಕಡೆಗೆ ಒಂದು ಲೋಟ ಕಾಫಿ ಮೇಲೆತ್ತಿ ಹಿಡಿದಳು. ಅವನು ತೆಗೆದುಕೊಂಡ. ಕೂರಲಿಲ್ಲ, ಗೋಡೆಗೆ ಒರಗಿ ನಿಂತೇ ಕುಡಿದ.

ಮಧ್ಯಾಹ್ನದ ಹೊತ್ತಿಗೆ ಹಾಲ್ ಜನರಿಂದ ತುಂಬಿತು. ಟೀವಿಯವರು ಬಂದರು, ಅವರ ಹಿಂದೆಯೇ ನಮ್ಮ ವಾರ್ಡಿನ ಸದಸ್ಯೆ ಬಂದಳು. ತಾನು ಮೊದಲಿನಿಂದಲೂ ಬೀದಿಯವರ ಪರ ಎಂದು ಕ್ಯಾಮೆರಾ ಮುಂದೆ ಹೇಳಿದಳು. ನಮಗದು ಹೊಸ ವಿಷಯ. ಯಾರೂ ಅಲ್ಲಗಳೆಯಲಿಲ್ಲ. ಲಾರಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಕ್ರಿಸ್‌ಮಸ್ ಹೊತ್ತಿಗೆ ಕೆಳಮಹಡಿಯನ್ನು ಒಂದು ವರ್ಷದ ಮಟ್ಟಿಗೆ ಬೀದಿಯವರಿಗೆ ಬಿಟ್ಟುಕೊಡುವ ಒಪ್ಪಂದವಾಯಿತು. ಮೇಲಿನ ಎರಡು ಮಹಡಿಗೆ ಬೀಗ ಬಿತ್ತು. ಅದನ್ನು ಆರ್ಡೀಲಿಯಾ ಒಪ್ಪಿಕೊಳ್ಳಲೇಬೇಕಾಯಿತು.

ಒಪ್ಪಂದ ಈಗ ಎರಡನೇ ವರ್ಷಕ್ಕೆ ಮುಂದುವರಿದಿದೆ. ಹಗಲು ಹೊತ್ತು ಚಿಕ್ಕ ಮಕ್ಕಳಿರುತ್ತಾರೆ. ಅಡುಗೆಮನೆ ಯುಲಿಮಾರ್‌ಳದು. ಉಪ್ಪು ಕಡಿಮೆ ಎಂದು ಮುದುಕರು ದೂರುತ್ತಾರೆ, ತಟ್ಟೆ ಖಾಲಿ ಮಾಡುತ್ತಾರೆ. ಲೂಷಸ್ ರಜೆಯ ದಿನ ಬಂದು ನಡೆಯಲಾಗದವರನ್ನು ಕಾರಿನಲ್ಲಿ ಕರೆತರುತ್ತಾನೆ. ಬೇರೆ ಊರಿನ ಕಾಲೇಜಿನಲ್ಲಿರುವ ಅವನ ಮಗಳು ರಜೆಗೆ ಬಂದಾಗ, "ನಂಗೆ ಬೇಕಾದಾಗ ಮುಚ್ಚಿದ್ರಲ್ಲ" ಅಂದು ಒಳಗೆ ಬರಲು ಒಪ್ಪಲಿಲ್ಲ. ಮೆಟ್ಟಿಲ ತನಕ ಬಂದು, ತಂದೆಯನ್ನು ಮಾತಾಡಿಸಿ ಹಿಂತಿರುಗಿದಳು. ಆರ್ಡೀಲಿಯಾ ಕಿಟಕಿಯಿಂದ ಅದನ್ನು ನೋಡಿದರು, ಕರೆಯಲಿಲ್ಲ. ಮಕ್ಕಳು ಮಧ್ಯಾಹ್ನ ಮಲಗುವ ಹೊತ್ತಾಗಿತ್ತು. ಹೋಗಿ ಪರದೆ ಎಳೆದರು.