ಮುಳ್ಳು ನಡುಗದ ಮೀಟರು

ಸುಟ್ಟ ಗಾಡಿಯ ವಾಸನೆ ಸುಲಭವಾಗಿ ಬಿಡುವಂಥದ್ದಲ್ಲ. ರಬ್ಬರು, ಬಣ್ಣ, ಸೀಟಿನೊಳಗಿನ ನಾರು ಎಲ್ಲ ಸೇರಿ ಗಂಟಲಲ್ಲಿ ಕೂತುಬಿಡುತ್ತದೆ. ಆ ಹಳೆಯ ಕಪ್ಪು ಕಾರನ್ನು ನನ್ನ ವೈರಿಂಗ್ ಶೆಡ್ಡಿಗೆ ತಳ್ಳಿಕೊಂಡು ಬಂದಾಗ ಅದು ಸುಟ್ಟು ವರ್ಷ ಕಳೆದಿತ್ತು. ಆದರೂ ಬಾಗಿಲು ತೆಗೆದೊಡನೆ ವಾಸನೆ ಎದ್ದು ಬಂತು.

ಕಾರು ನನ್ನ ಹಳೆಯ ಗೆಳೆಯ ನಿಧಾನಪ್ಪನದು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಾಡಿಗೆ ಗಾಡಿಯವರು ಇಟ್ಟದ್ದು. ಹಿಂದಿನಿಂದ ಆಮೆ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ ಎಂದು ನಗುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವನು ಗಾಡಿಯನ್ನು ಮಗನ ಕೈಗೆ ಕೊಟ್ಟ. ಒಂದು ದಿನ ಮದುವೆ ಬಾಡಿಗೆ ಮುಗಿಸಿ ಬರುವಾಗ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಎದ್ದಿತು. ಮಗ ಗಾಡಿ ನಿಲ್ಲಿಸಿ, ಬಗ್ಗಿ ವೈರು ಕಿತ್ತುಹಾಕಲು ಹೋದ. ಅಂಗಿಗೆ ಬೆಂಕಿ ಹತ್ತಿತು. ದಾರಿಹೋಕರು ಮಣ್ಣು ಎರಚಿ ಗಾಡಿಯನ್ನು ಉಳಿಸಿದರು. ಅವನು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಅವನು ಕೂತಿದ್ದ ಜಾಗದಲ್ಲಿ ಒಂದು ಸಿಗರೇಟಿನ ತುಂಡು ಸಿಕ್ಕಿತ್ತು. "ಸಿಗರೇಟೇ ತಿಂತು ನನ್ನ ಮಗನ್ನ" ಎಂದು ನಿಧಾನಪ್ಪ ಬಂದವರಿಗೆಲ್ಲ ಹೇಳಿದ. ಸೊಸೆಯೂ ನಂಬಿದಳು. ಸಿಗರೇಟು ಬಿಡು ಎಂದು ಗಂಡನೊಡನೆ ದಿನವೂ ಜಗಳವಾಡಿದವಳು ಅವಳು, ನಂಬದೆ ಏನು ಮಾಡಿಯಾಳು? ಅವಳ ದುಃಖವೆಲ್ಲ ಹುಳಿ ಹಿಡಿದು ಸಿಟ್ಟಾಯಿತು. ಅಪ್ಪ ಯಾಕೆ ಸತ್ತ ಎಂದು ಪುಟ್ಟ ಮಗಳು ಕೇಳಿದರೆ, "ಬೇಡ ಅಂದಿದ್ದನ್ನ ಮಾಡಿ ಸತ್ತ" ಎನ್ನುತ್ತಿದ್ದಳು. ಮಗುವೂ ಅದನ್ನೇ ಕಲಿತು ಬೀದಿಯಲ್ಲಿ ಹೇಳುತ್ತಿತ್ತು.

ಈಗ ಆ ಗಾಡಿಯನ್ನು ತಾನೇ ಓಡಿಸುತ್ತೇನೆಂದು ಸೊಸೆ ಹೊರಟಿದ್ದಳು.

"ದೊಡ್ಡಪ್ಪಾ, ಈ ಆಮೀಟರ್ ತೆಗೆದು ವೋಲ್ಟ್‌ಮೀಟರ್ ಮಾಡಿಕೊಡಿ. ಹಳೇ ಗಾಡೀಲಿ ಅದು ಅಪಾಯ ಅಂತಾರೆ. ನಂಗೂ ಏನಾದ್ರೂ ಆದ್ರೆ ಮಗೂಗೆ ಯಾರಿದ್ದಾರೆ?"

ನಿಧಾನಪ್ಪ ಅವಳ ಜೊತೆಗೇ ಬಂದಿದ್ದ. "ಮೀಟರ್ ಏನು ಮಾಡ್ತು ನಿಂಗೆ? ವೈರು ಹೊಸದು ಹಾಕಿಸು, ಸಾಕು. ಮೀಟರ್ ಮುಟ್ಟಬೇಡಿ."

"ಓಡಿಸೋಳು ನಾನು, ಮಾವ."

"ಓಡಿಸು, ಯಾರು ಬೇಡ ಅಂದ್ರು? ಗಾಡೀ ಕಣ್ಣು ಕಿತ್ತು ಓಡಿಸ್ತೀನಿ ಅಂದ್ರೆ?"

"ಕಣ್ಣು ಕೀಳಲ್ಲ ಕಣಯ್ಯಾ, ಕನ್ನಡಕ ಬದಲಾಯಿಸ್ತೀನಿ" ಎಂದೆ. ಅವನು ನಗಲಿಲ್ಲ.

ಬ್ಯಾಟರಿಗೆ ಎಷ್ಟು ಕರೆಂಟು ಹೋಗುತ್ತಿದೆ, ಎಷ್ಟು ಹೊರಗೆ ಬರುತ್ತಿದೆ ಎಂದು ಆಮೀಟರ್ ತೋರಿಸುತ್ತದೆ. ಹಾಗೆ ತೋರಿಸಬೇಕಾದರೆ ಹೆಚ್ಚುಕಡಿಮೆ ಗಾಡಿಯ ಕರೆಂಟೆಲ್ಲ ಅದರ ಹೊಟ್ಟೆಯೊಳಗೇ ಹಾದು ಹೋಗಬೇಕು. ಹಿಂದುಗಡೆ ಎರಡು ಬೋಲ್ಟು, ಎರಡಕ್ಕೂ ದಪ್ಪ ವೈರು. ಒಂದು ನಟ್ಟು ಸಡಿಲವಾದರೂ ಅಲ್ಲಿ ಕಾವು ಹುಟ್ಟುತ್ತದೆ. ವೋಲ್ಟ್‌ಮೀಟರ್ ಆ ಭಾರ ಹೊರುವುದಿಲ್ಲ, ಪಕ್ಕದಲ್ಲಿ ಕೂತು ನಾಡಿ ನೋಡುತ್ತದೆ. ಅದಕ್ಕೆ ಎರಡು ಸಣ್ಣ ವೈರು ಸಾಕು, ಒಂದು ಕೀ ಕಡೆಯಿಂದ ಫ್ಯೂಸು ಹಾಯ್ದು, ಇನ್ನೊಂದು ಗಾಡಿಯ ಕಬ್ಬಿಣದ ಮೈಗೆ. ಆ ದಪ್ಪ ವೈರುಗಳೆರಡನ್ನೂ ಒಂದಕ್ಕೊಂದು ಬಿಗಿದು ಮುಚ್ಚಿಬಿಡಬೇಕು. ಹಳೆಯ ಡಬ್ಬಿ, ಹಳೆಯ ಗಾಜು ಉಳಿಸಿಕೊಂಡು ಒಳಗಿನದಷ್ಟನ್ನೇ ಬದಲಾಯಿಸುತ್ತೇನೆ ಎಂದೆ. ಸೊಸೆ ಒಪ್ಪಿದಳು. ಸೀಟಿನ ಹೊಸ ಕವರನ್ನು ತಾನೇ ಹೊಲಿಯುತ್ತಿದ್ದಳು, ಅದನ್ನು ಎತ್ತಿಕೊಂಡು ಹೊರಗೆ ನೆರಳಿಗೆ ಹೋಗಿ ಕೂತಳು.

ನಾನು ಡ್ಯಾಶ್‌ಬೋರ್ಡಿನ ಅಡಿಗೆ ಅಂಗಾತ ಮಲಗಿ ಟಾರ್ಚು ಬಿಟ್ಟೆ. ಒಂದು ಬೋಲ್ಟು ಕರಗಿ ವೈರಿನೊಡನೆ ಕಪ್ಪು ಉಂಡೆಯಾಗಿತ್ತು. ಇನ್ನೊಂದು ಹಾಗೇ ಇತ್ತು. ಅದರ ನಟ್ಟು ಸ್ಪ್ಯಾನರ್ ಕೇಳಲೇ ಇಲ್ಲ, ಬೆರಳಿಗೇ ತಿರುಗಿತು. ಅದರ ಹಿಂದೆ ವೈರಿಗೆ ಒತ್ತಿಕೊಂಡು ಕೂತಿದ್ದದ್ದು ದುಂಡಗೆ ಕತ್ತರಿಸಿದ ಚಪ್ಪಲಿ ಚರ್ಮ. ಒಣಗಿ ಮುರುಟಿತ್ತು. ಅಂಚಿನಲ್ಲಿ ಹೊಲಿಗೆಯ ತೂತೂ ಇತ್ತು.

ಅದು ಯಾರ ಕೈಕೆಲಸ ಎಂದು ನನಗೆ ಗೊತ್ತು. ಮೀಟರಿನ ಮುಳ್ಳು ನಡುಗಿದರೆ ನಿಧಾನಪ್ಪನಿಗೆ ತಡೆಯುತ್ತಿರಲಿಲ್ಲ, ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದ. ಹರೆಯದಲ್ಲಿ ಒಮ್ಮೆ, ಎರಡೂ ನಟ್ಟಿಗೆ ಚರ್ಮ ಕೊಟ್ಟಿದ್ದೇನೆ, ಮುಳ್ಳು ಮಗುವಿನ ಹಾಗೆ ಮಲಗಿದೆ ಎಂದು ಹೆಮ್ಮೆಯಿಂದ ಹೇಳಿದ್ದ. ನಡುಗೋದು ಕರೆಂಟು, ಮೀಟರಲ್ಲ, ಚರ್ಮ ಒಣಗಿದರೆ ನಟ್ಟು ಸಡಿಲವಾಗುತ್ತೆ, ಇವತ್ತೇ ತೆಗಿ ಎಂದು ಬೈದಿದ್ದೆ. ಮರುವಾರ ಸಿಕ್ಕಾಗ ತೆಗೆದೆ ಎಂದಿದ್ದ.

ಗಾಡಿಯಿಂದ ಇಳಿದು ಬಂದು, ಶೆಡ್ಡಿನೊಳಗೇ ಸ್ಟೂಲಿನ ಮೇಲೆ ಕೂತಿದ್ದ ಅವನ ಅಂಗೈ ಮೇಲೆ ಆ ಚರ್ಮವನ್ನಿಟ್ಟೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಿತು.

"ಇನ್ನೊಂದು?" ಎಂದ.

"ಉರಿದು ಹೋಗಿದೆ. ನಿಂಗೆ ಗೊತ್ತಿತ್ತಾ?"

ಅವನು ಚರ್ಮವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಆಸ್ಪತ್ರೇಲಿ ಅವನೇ ಹೇಳ್ದ. ಹೊಗೆ ಮೀಟರ್ ಹಿಂದಿಂದ ಬಂತು ಅಂತ. ನಾನೊಬ್ಬನೇ ಇದ್ದೆ." ಆಮೇಲೆ ದನಿ ತಗ್ಗಿಸಿದ. "ಇದನ್ನ ಎಸೆದುಬಿಡು ಮಾರಾಯ. ನಾನು ಸತ್ತ ಮೇಲೆ ಏನಾದ್ರೂ ಅಂದ್ಕೊಳ್ಳಲಿ. ಈಗ ನಂಗೆ ಊಟ ಹಾಕೋಳು ಅವಳೊಬ್ಬಳೇ."

"ಸತ್ತೋನ ತಲೆ ಮೇಲೆ ಹೊರಿಸಿದ್ದೀಯಲ್ಲ, ಅವನು ಎದ್ದು ಬಂದು ಇಳಿಸ್ತಾನಾ?"

"ನೀನು ಹೇಳ್ತೀಯಾ?"

"ನಾನು ಯಾಕೆ ಹೇಳಲಿ? ಹೊರಿಸಿದೋನು ನೀನು."

ನಾನು ಮತ್ತೆ ಕೆಲಸಕ್ಕೆ ಬಿದ್ದೆ. ಸುಟ್ಟ ವೈರು ಕತ್ತರಿಸಿ ಹೊಸದು ಎಳೆದೆ, ದಪ್ಪ ವೈರುಗಳನ್ನು ಒಂದುಗೂಡಿಸಿ ಬಿಗಿದು ಟೇಪು ಸುತ್ತಿದೆ. ಅವನು ಸ್ಟೂಲಿನ ಮೇಲೆ ಮುಷ್ಟಿ ಮುಚ್ಚಿಕೊಂಡು ಕೂತೇ ಇದ್ದ. ನಾನು ಅವಸರ ಮಾಡಲಿಲ್ಲ. ಮೀಟರಿನ ಡಬ್ಬಿ ಮುಚ್ಚುವ ಹೊತ್ತಿಗೆ ಅವನು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದ.

"ನೋಡಮ್ಮಾ, ಅವನ ಸಿಗರೇಟಲ್ಲ" ಎಂದದ್ದು ಕೇಳಿತು. ಮುಂದಿನದನ್ನು ತಡೆದು ತಡೆದು ಹೇಳಿದ, ಚರ್ಮದ ಸಂಗತಿ, ಆಸ್ಪತ್ರೆಯ ಸಂಗತಿ.

ಸೊಸೆ ಹೊಲಿಯುವ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಮಾತಾಡಿದ್ರಾ ಅವರು? ಅವರಿಗೆ ಪ್ರಜ್ಞೇನೇ ಇರಲಿಲ್ಲ ಅಂತ ನಂಗೆ ಹೇಳಿದ್ರಿ."

"ಇತ್ತು. ನೀನು ಬರೋದಕ್ಕೆ ಮುಂಚೆ."

"ಇನ್ನೇನಂದ್ರು?"

"ಸಿಗರೇಟು ಹಚ್ಚಿರಲಿಲ್ಲ, ಹಳೇ ತುಂಡು, ಜೇಬಲ್ಲಿತ್ತು ಅಂತ ಅವಳಿಗೆ ಹೇಳಪ್ಪಾ ಅಂದ. ಇಲ್ದಿದ್ರೆ ಜಗಳ ಆಡ್ತಾಳೆ ಅಂದ."

ಅವಳು ಅಳಲಿಲ್ಲ. ಒಳಗೆ ಬಂದು ನನ್ನನ್ನು ಕೇಳಿದಳು, "ಆಯ್ತಾ ದೊಡ್ಡಪ್ಪಾ?" ಕೀ ತಿರುಗಿಸಿ ತೋರಿಸಿದೆ. ಮುಳ್ಳು ಹನ್ನೆರಡು ವೋಲ್ಟಿಗೆ ಎದ್ದು, ಇಂಜಿನ್ನು ಹತ್ತಿದ ಮೇಲೆ ಇನ್ನಷ್ಟು ಮೇಲೇರಿ ನಿಂತಿತು. ಅವಳು ತಲೆಯಾಡಿಸಿ, ಅರ್ಧ ಹೊಲಿದ ಕವರನ್ನೇ ಸೀಟಿಗೆ ಹೊದಿಸಿ ಕೂತಳು. ಮಾವನಿಗೆ ಹಿಂದಿನ ಬಾಗಿಲು ತೆಗೆದುಕೊಟ್ಟಳು.

"ನಾನು ನಡಕೊಂಡು ಬರ್ತೀನಮ್ಮ" ಎಂದ ಅವನು.

"ಹತ್ತಿ. ಮಗೂಗೆ ನೀವೇ ಹೇಳಬೇಕು. ನಾನು ಹೇಳಿಕೊಟ್ಟಿದ್ದನ್ನ ನಾನು ತಿದ್ದಿಕೊಳ್ತೀನಿ, ಅದು ನನ್ನ ಪಾಲು."

ಅವನು ಹತ್ತಿದ. ಆ ಸಂಜೆಯೇ ಮಗುವನ್ನು ಎದುರು ಕೂರಿಸಿಕೊಂಡು ಹೇಳಿದನಂತೆ.

ಕೆಲವು ವಾರ ಕಳೆದ ಮೇಲೆ, ಫ್ಯೂಸು ನೋಡಲು ಅವರ ಮನೆಗೆ ಹೋದೆ. ನಿಧಾನಪ್ಪ ನಡುಮನೆಯಲ್ಲಿ ಕುರ್ಚಿಯ ಮೇಲಿದ್ದ. ಸೊಸೆ ಅಡಿಗೆಮನೆಯಲ್ಲಿದ್ದಳು. ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದೇ ಇತ್ತು. ಮಗು ಒಳಗಿನಿಂದ ಬಂತು.

"ತಾತಾ, ಊಟಕ್ಕೆ ಏಳಬೇಕಂತೆ."

"ಬರ್ತೀನಿ ಅಂತ ಹೇಳಮ್ಮ."

"ಬರ್ತಾರಂತೆ" ಎನ್ನುತ್ತಾ ಮಗು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ತಣ್ಣಗಾಗತ್ತಂತೆ ತಾತಾ."