ಖಾಲಿ ಕೊಡಬಾರದ ಬಲೆ

ಓಣಿಗೆಲ್ಲ ‘ಒಪಾ’, ಅಂದರೆ ಅಕ್ಕ, ಆಗಿದ್ದ ಒಯ್ದಿನ್‌ಳನ್ನು ಆ ಬೆಳಿಗ್ಗೆ ಎಬ್ಬಿಸಿದ್ದು ಕೋಳಿಯಲ್ಲ, ಗೋಡೆಯಾಚೆಯ ‘ಭರ್ರ್ರ್’ ಎಂಬ ಆರ್ಭಟ. ಪಕ್ಕದ ಮನೆಯ ಎರ್ಗಶ್ ಅಕಾ, ಅಂದರೆ ಎರ್ಗಶ್ ಅಣ್ಣ, ಎಲೆ ಊದುವ ಯಂತ್ರವೊಂದನ್ನು ಹೊಸದಾಗಿ ಕೊಂಡಿದ್ದ. ಗುಡಿಸುವ ಕಷ್ಟವಿಲ್ಲ, ಊದಿದರೆ ಸಾಕು. ಊದಿದ ಎಲೆ ಎಲ್ಲೆ ದಾಟಿ, ಗೋಡೆ ಹಾರಿ, ಒಯ್ದಿನ್‌ಳ ಅಂಗಳದ ಕೊಳಕ್ಕೆ ಬಂದು ಬೀಳುತ್ತಿತ್ತು. ಅವಳ ಹಿಪ್ಪುನೇರಳೆ ಮರವೇ ಉದುರಿಸಿದ್ದು ಸಾಲದೆಂಬಂತೆ.

ಬೇರೆ ದಿನವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಇವತ್ತು ಕಾಲುವೆ ನೀರಿನ ಕೊನೆಯ ಸರದಿ. ಬುಖಾರಾದ ಆ ಓಣಿಗೆ ನೀರು ಹಂಚುವ ಮುದುಕ ನೋರ್‌ಬೋಬೊ ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತಾನೆ, ಪ್ರತಿ ಮನೆಯ ಕೊಳಕ್ಕೂ ಇಣುಕುತ್ತಾನೆ. ಕಸ ಕಂಡರೆ ತೂಬು ತೆರೆಯುವುದಿಲ್ಲ; ಒಂದು ಕೊಳದ ಕೊಳೆ ಕೆಳಗಿನ ಕೊಳಗಳಿಗೆಲ್ಲ ಹರಿಯುತ್ತದಲ್ಲ. ತೆರೆಯದಿದ್ದರೆ ಚಳಿಗಾಲವಿಡೀ ಈ ಕೊಳೆತ ನೀರೇ ಗತಿ. ಆಗಲೇ ಗೆಂಡೆ ಮೀನುಗಳು ಎಲೆಗಳ ಸಂದಿಯಲ್ಲಿ ಮೂತಿ ತೂರಿಸಿ ಗಾಳಿಗೆ ಬಾಯಿ ಬಿಡುತ್ತಿದ್ದವು. ಬೆರಳುದ್ದದ ಮರಿಗಳಾಗಿದ್ದಾಗಿನಿಂದ ರೊಟ್ಟಿ ಚೂರು ಹಾಕಿ ಬೆಳೆಸಿದ ಮೀನುಗಳು.

ಎಲೆ ಎತ್ತುವ ಸಾಧನವೊಂದು ಅವಳ ಮನೆಯಲ್ಲಿತ್ತು: ಪಾಪ್ಲರ್ ಮರದ ಉದ್ದನೆಯ ಗಳ, ಗಳದ ತುದಿಗೆ ಕಬ್ಬಿಣದ ಬಳೆ, ಬಳೆಗೆ ಬಲೆ. ‘ಇತ್ತು’ ಎನ್ನಬೇಕು. “ಒಂದು ಗಳಿಗೆ ಗಳ ಕೊಡಿ ಒಪಾ” ಎಂದು ಒಯ್ದ ಎರ್ಗಶನ ಗಳಿಗೆ ವಾರ ಕಳೆದರೂ ಮುಗಿದಿರಲಿಲ್ಲ.

ಅವಳು ಪಲಾವಿನ ತೂತಿನ ಸೌಟು ಹಿಡಿದು ದಡದಲ್ಲಿ ಕೂತು ನೋಡಿದಳು. ಸೌಟಿಗೆ ನಾಲ್ಕೆಲೆ ಬಂದರೆ ಗೋಡೆಯಾಚೆಯಿಂದ ನಲವತ್ತು ಬರುತ್ತಿತ್ತು. ಹುಲ್ಲು ಬಾಚುವ ಹಲ್ಲಿನ ಕೋಲು ಇಳಿಸಿದಳು. ಅದು ತಳದ ಕೆಸರನ್ನೇ ಕಲಕಿ ನೀರನ್ನು ಚಹಾ ಮಾಡಿತು. ಕೋಲನ್ನು ಬಿಸಾಡಿ, ಹೋಗಿ ಎರ್ಗಶನ ಬಾಗಿಲು ಗುದ್ದಿದಳು.

“ಮೊದಲು ಆ ಭೂತದ ಬಾಯಿ ಮುಚ್ಚಿಸ್ರಿ ಅಕಾ!”

ಯಂತ್ರ ನಿಂತಿತು. ಎರ್ಗಶನ ಹೊಟ್ಟೆ ಮೊದಲು ಬಂತು, ಹಿಂದೆ ಅವನು ಬಂದ. “ಏನ್ ಒಪಾ, ಬೆಳಿಗ್ಗೆ ಬೆಳಿಗ್ಗೆ?”

“ಬಲೆ ಎಲ್ಲಿ?”

“ತಂದೆ ಒಪಾ, ತಂದೆ. ಇನ್ನೇನು ತಂದೆ.”

“ತಂದೆ ಒಪಾ, ತಂದೆ!” ಅವನ ಮೂಗಿನ ರಾಗವನ್ನು ಹಾಗೇ ಎತ್ತಿ, ಹೊಟ್ಟೆಯ ಮೇಲೆ ಕೈಯಿಟ್ಟು ಅವನಂತೆಯೇ ತೂಗಾಡಿ ತೋರಿಸಿದಳು ಒಯ್ದಿನ್. “ವಾರದಿಂದ ತಂದೆ ತಂದೆ ಅಂತೀರಿ, ತಂದಿದ್ದೇನು? ಗೋಡೆ ಮೇಲಿಂದ ಕಸ!”

“ಹಾಗಲ್ಲ ಒಪಾ. ಸನೋಬರ್ ತವರಿಗೆ ಹೋಗಿದಾಳೆ. ಮನೇಲಿ ರೊಟ್ಟಿ ಸುಟ್ಟಿಲ್ಲ, ಸಂಬುಸಾ ಇಲ್ಲ. ಈಸ್ಕೊಂಡಿದ್ದನ್ನ ಬರಿದಾಗಿ ಹೆಂಗೆ ವಾಪಸ್ ಕೊಡೋದು? ಓಣಿ ನಗಲ್ವಾ?”

“ಅದು ತಟ್ಟೆಗೆ ಕಣ್ರೀ! ಬಟ್ಟಲಿಗೆ! ಕಸ ಎತ್ತೋ ಬಲೇಲಿ ಯಾರಾದ್ರೂ ಸಂಬುಸಾ ಇಟ್ಟು ಕೊಡ್ತಾರಾ?”

“ಮನೆ ಮರ್ಯಾದೆ ಒಪಾ. ನೀವು ನಡೀರಿ, ಹಿಂದೇನೇ ಬಂದೆ.”

ಅವನು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಗಳವನ್ನು ಹೆಗಲ ಮೇಲಿಟ್ಟು, ಬಲೆಯನ್ನು ಬೆನ್ನ ಹಿಂದೆ ತೂಗಾಡಿಸುತ್ತ ಮದುವೆಗೆ ಬರುವವನಂತೆ ಒಳಗೆ ಬಂದ. “ತಗೊಳ್ಳಿ, ನಮ್ಮ ಮರದ್ದೇ ಅಕ್ರೋಟು. ಬಲೆ ತುಂಬ ಇದೆ.”

ಬಲೆ ತುಂಬ ಇದ್ದದ್ದು ತೂತು. ಒಯ್ದಿನ್ ಬಾಗಿಲಾಚೆ ನೋಡಿದಳು. ಅವನ ಹೊಸ್ತಿಲಿನಿಂದ ಅವಳ ಹೊಸ್ತಿಲಿನವರೆಗೆ ಅಕ್ರೋಟುಗಳು ಸಾಲಾಗಿ ಬಿದ್ದು, ಬಂದ ದಾರಿಯನ್ನು ತೋರಿಸುತ್ತಿದ್ದವು.

“ಅಕ್ರೋಟು ಉದುರಿಸೋಕೆ ಒಯ್ದಿರಾ ಇದನ್ನ? ಕೊಂಬೆಗೆ ಸಿಗಿಸಿ ಎಳೆದಿರಾ?”

ಎರ್ಗಶ್ ಬಲೆಯೊಳಗೆ ಕೈ ಹಾಕಿದ. ಕೈ ಆಚೆ ಬಂತು. ಆಚೆ ಬಂದ ಕೈಯನ್ನೇ ನೋಡುತ್ತ, “ಬರುವಾಗ ಹಗುರ ಆಗ್ತಾನೇ ಇತ್ತು ಒಪಾ” ಎಂದ.

ಒಯ್ದಿನ್ ಅವನನ್ನು ದಾಟಿ, ಅಕ್ರೋಟುಗಳನ್ನು ತುಳಿಯುತ್ತ ಅವನ ಮನೆಗೇ ನುಗ್ಗಿದಳು. ಅತಿಥಿಗಳ ಕೋಣೆಯ ದೊಡ್ಡ ಕಿಟಕಿಗೆ ಬಿಳಿಯ ಜಾಲರಿ ಪರದೆ ಇತ್ತು, ಅವನ ಹೆಂಡತಿ ಸನೋಬರ್ ಹಬ್ಬಕ್ಕೊಮ್ಮೆ ಒಗೆದು ಮಡಿಯಿಂದ ಕಟ್ಟುವಂಥದ್ದು. ಒಯ್ದಿನ್ ಅದನ್ನು ಸರಳು ಸಮೇತ ಎಳೆದಳು.

“ಒಪಾ! ಅದು ಸನೋಬರ್‌ದು! ನನ್ನ ಕೊಂದೇ ಹಾಕ್ತಾಳೆ!”

“ಮೀನಿಗಿಂತ ಮೊದಲು ನೀವು ಸತ್ರೆ ನನ್ನದೇನೂ ತಕರಾರಿಲ್ಲ. ಸನೋಬರ್‌ಗೆ ಹೊಸ ಜಾಲರಿ ನಾನೇ ಹೊಲಿದು ಕೊಡ್ತೀನಿ, ಅದು ನನಗೂ ಅವಳಿಗೂ ಇರೋ ಮಾತು. ನೀವು ಪ್ಯಾಂಟು ಮಡಚಿ.”

“ನೀರು ಮಂಜುಗಡ್ಡೆ ಥರ ಇದೆ ಒಪಾ...”

“ಇಳೀರಿ!”

ಎರ್ಗಶ್ ಅವಳ ಹಿಂದೆ ಬಂದು ಕೊಳಕ್ಕೆ ಇಳಿದ. ಪರದೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಎದುರು ದಂಡೆಯಲ್ಲಿ ಅವಳ ಕೈಯಲ್ಲಿ. ಅಂಚನ್ನು ನೀರಿಗದ್ದಿ, ಕೊಳದ ಅಗಲಕ್ಕೂ ಹಾಸಿ, ಈ ಕಡೆಯಿಂದ ಆ ಕಡೆಗೆ ಎಳೆದರು. ನೀರು ಜಾಲರಿಯಲ್ಲಿ ಸೋಸಿ ಹೋಗುತ್ತಿತ್ತು, ಎಲೆ ಉಳಿಯುತ್ತಿತ್ತು. ಎಳೆದದ್ದನ್ನು ದಡಕ್ಕೆ ಸುರಿದು ಮತ್ತೆ ಎಳೆದರು. ಎರ್ಗಶನ ಹಲ್ಲು ಯಂತ್ರದಂತೆಯೇ ಕಟಕಟಿಸುತ್ತಿತ್ತು. “ಸ್ವಲ್ಪ ನಿಲ್ಲೋಣ?” ಎಂದಾಗಲೆಲ್ಲ ಅವಳು “ಸ್ವಲ್ಪ ನಿಲ್ಲೋಣ?” ಎಂದು ಅವನ ದನಿಯಲ್ಲೇ ನಡುಗಿ ತೋರಿಸಿ, ಪರದೆಯನ್ನು ಇನ್ನಷ್ಟು ಬಿರುಸಾಗಿ ಜಗ್ಗುತ್ತಿದ್ದಳು.

ನೋರ್‌ಬೋಬೊ ಬಂದಾಗ ಎರ್ಗಶ್ ಇನ್ನೂ ಸೊಂಟದ ನೀರಿನಲ್ಲಿದ್ದ. ಮುದುಕ ಬಗ್ಗಿ ಕೊಳವನ್ನು ನೋಡಿದ.

“ಕೊಳ ಶುಚಿಯಾಗಿದೆ ಮಗಳೇ. ಒಂದು ದೊಡ್ಡ ಕಸ ಉಳಿದಿದೆ, ಅದನ್ನೂ ಎತ್ತಿಬಿಡು, ತೂಬು ತೆಗೀತೀನಿ.”

ಎರ್ಗಶ್ ತಾನೇ ಎದ್ದು ಬಂದ.

ನೀರು ಬುಳುಬುಳು ಸದ್ದಿನಿಂದ ಒಳಗೆ ಹರಿಯಿತು. ಮೀನುಗಳು ಆ ಮೂಲೆಗೆ ಓಡಿದವು. ಒದ್ದೆ ಬಟ್ಟೆಯಲ್ಲಿ ಎರ್ಗಶ್ ಕೈ ಚಾಚಿದ. “ಪರದೆ ಕೊಡಿ ಒಪಾ. ಸನೋಬರ್ ಬರೋಷ್ಟರಲ್ಲಿ ಹಿಂಡಿ, ಒಣಗಿಸಿ ಕಟ್ಟಿಬಿಡ್ತೀನಿ.”

“ಕೊಡ್ತೀನಿ, ಇರಿ.”

ಒಯ್ದಿನ್ ಪರದೆಯನ್ನು ಅಂಗಳದಲ್ಲಿ ಹಾಸಿದಳು. ದಡದ ಮೇಲಿನ ಕಪ್ಪು ಕೊಳೆತೆಲೆಯನ್ನು ಎರಡೂ ತೋಳಿನಿಂದ ಬಾಚಿ ಬಾಚಿ ಅದಕ್ಕೆ ತುಂಬಿದಳು. ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ, ಆ ಗಂಟನ್ನು ದರದರ ಎಳೆದುಕೊಂಡು ಹೋಗಿ ಅವನ ಹೊಸ್ತಿಲ ಮೇಲೆ ಕುಕ್ಕಿದಳು. ಕೆಸರು ನೀರು ಅವನ ಬಿಳಿ ಮೆಟ್ಟಿಲ ಮೇಲೆ ಇಳಿಯಿತು.

“ಏನ್ ಒಪಾ ಇದು!”

“ಮನೆ ಮರ್ಯಾದೆ ಅಕಾ. ಬರಿದಾಗಿ ಹೆಂಗೆ ವಾಪಸ್ ಕೊಡೋದು?”

ಮರಳುವಾಗ ಓಣಿಯ ಅಕ್ರೋಟುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ಒಂದನ್ನೂ ಬಿಡಲಿಲ್ಲ. ಕೊಳದ ದಂಡೆಯ ಮೇಲೆ ಕೂತು, ಗುಂಡುಕಲ್ಲಿನಿಂದ ಒಂದೊಂದನ್ನೇ ಜಜ್ಜತೊಡಗಿದಳು. ಚಿಪ್ಪು ಒಡೆಯಲು ಅಷ್ಟು ಜೋರಾಗಿ ಜಜ್ಜಬೇಕಿರಲಿಲ್ಲ. ಪ್ರತಿ ಏಟಿಗೂ ಮೀನುಗಳು ತಳಕ್ಕಿಳಿದು, ಮತ್ತೆ ಮೇಲೆ ಬಂದು ನೋಡುತ್ತಿದ್ದವು.